ಗಲ್ಲ ತುಸು ಮೇಲೆ

ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲು ಹತ್ತಿದರೆ ನನ್ನ ಸ್ಟುಡಿಯೋ.
ಇಪ್ಪತ್ತು ವರ್ಷ ಇಲ್ಲಿ ಹೇಳಿದ್ದು ಮೂರೇ ಮಾತು:
ಕಿವಿ ಕಾಣಲಿ. ನಗಬೇಡಿ. ಗಲ್ಲ ತುಸು ಮೇಲೆ.
ಉಡುಪಿಯ ಅರ್ಧ ಮುಖಗಳು ನನ್ನಲ್ಲಿವೆ,
ನೀಲಿ ಪರದೆಯ ಮುಂದೆ, ತಪ್ಪು ಮಾಡಿದವರ ಹಾಗೆ.

ಈ ಸಲ ಬೇರೆ ಎಂತಾದರೂ ಮಾಡುವ ಅಂತ
ಪುರಾಣದ ಹೆಂಗಸರನ್ನು ಹುಡುಕಿ ಹೊರಟೆ.
ವೇಷಭೂಷಣದ ಅಂಗಡಿಯಿಂದ ಬಾಡಿಗೆಯ ಪೆಟ್ಟಿಗೆ:
ಡಾಬು, ವಂಕಿ, ಬಣ್ಣ ಹೋದ ಕಿರೀಟ,
ಹತ್ತಿ ತುರುಕಿ ಹೊಲಿದ ರವಿಕೆ.
ಇಷ್ಟು ಕಾಲ ಅದರೊಳಗೆ ದೇವಿಯಾಗಿ ಕುಣಿದವರೆಲ್ಲ ಗಂಡಸರು.
ಬೇಬಿಯಕ್ಕ ಹತ್ತಿಯ ಉಂಡೆಗಳನ್ನು ಎಳೆದು ತೆಗೆದು
ನನ್ನ ಮೇಜಿನ ಮೇಲಿಟ್ಟಳು:
"ಇದು ನನಗೆ ಬೇಡ, ಉಂಟು."

ಐರಿನ್ ಅಹಲ್ಯೆ.
ಬಟ್ಟೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಸೀರೆ ಬಿಡಿಸಿ ಮಡಚುವವಳು.
ಮುಖಕ್ಕೆ ಬೂದಿ, ಮೈಗೆ ಗೋಣಿ. ಅಲುಗಬೇಡಿ ಎಂದೆ.
"ನಿಲ್ಲುವುದು ದೊಡ್ಡ ಸಂಗತಿಯಾ? ಅಲ್ಲಿ ಕುರ್ಚಿಯೇ ಇಲ್ಲ."
ಮತ್ತೆ, ಬೂದಿಯೊಳಗಿಂದ ತುಟಿ ಮಾತ್ರ ಅಲುಗಿಸಿ,
"ನಮ್ಮ ಪುಸ್ತಕದಲ್ಲಿ ಕಲ್ಲಾದವಳು ಇಲ್ಲ, ಉಪ್ಪಾದವಳು ಇದ್ದಾಳೆ.
ಬಿಟ್ಟು ಬಂದ ಊರನ್ನು ಒಮ್ಮೆ ತಿರುಗಿ ನೋಡಿದ್ದಕ್ಕೆ."
ರಾಮನ ಪಾದ ಅಂತ ನನ್ನ ಕಾಲನ್ನೇ ಚೌಕಟ್ಟಿನೊಳಗೆ ಇಡುವವನಿದ್ದೆ.
ಚಪ್ಪಲಿ ಹಾಕಿಕೊಂಡೆ.

ಇನ್ನೊಬ್ಬಳ ಹೆಸರು ಹೇಳುವ ಹಾಗಿಲ್ಲ.
ಮುಖ ಬೇಡ, ಮನೆಯಲ್ಲಿ ಗೊತ್ತಾಗಬಾರದು ಅಂದಳು.
ಹೈವೇ ಅಗಲ ಮಾಡಲು ಸಂತೆಕಟ್ಟೆಯಲ್ಲಿ ಬಗೆದ ಕೆಂಪು ಮಣ್ಣು,
ಅದರಿಂದ ಎದ್ದ ಒಂದು ಕೈ. ಸೀತೆ.
ಹೋಗುತ್ತಿರುವುದೋ ಬರುತ್ತಿರುವುದೋ
ಕೈ ನೋಡಿದರೆ ತಿಳಿಯುವುದಿಲ್ಲ.
ಬೀಡಿ ಎಲೆ ಕತ್ತರಿಸಿ ಹೆಬ್ಬೆರಳು ಜಡ್ಡುಗಟ್ಟಿದೆ, ಅಷ್ಟೆ.

ಬೇಬಿಯಕ್ಕನನ್ನು ಕೊನೆಗಿಟ್ಟಿದ್ದೆ.
ಮಲ್ಪೆಯ ದಕ್ಕೆ, ಬೆಳಗಿನ ಆರೂವರೆ, ಕಟ್ಟಿ ಹಾಕಿದ ಸಣ್ಣ ದೋಣಿ.
ಮುನಿ ಕವಿಸಿದ ಮಂಜಿಗೆ ಐಸ್ ಪ್ಲಾಂಟಿನಿಂದ ಎರಡು ಗಡ್ಡೆ.
ಬೆಸ್ತರ ಹುಡುಗಿಗೆ ಕಿರೀಟ ಇಲ್ಲ ಅಂದರೆ
"ಬಾಡಿಗೆ ಕೊಟ್ಟಾಗಿದೆಯಲ್ಲ, ಇರಲಿ" ಅಂತ ತಾನೇ ಏರಿಸಿಕೊಂಡಳು.
ರಿಫ್ಲೆಕ್ಟರ್ ಮರೆತು ಬಂದಿದ್ದೆ;
ಯಾರೋ ಹುಡುಗ ಮೀನಿನ ಥರ್ಮೊಕೋಲ್ ಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದ.
ಅವಳ ಮುಖಕ್ಕೆ ಬಿದ್ದ ಬೆಳಕಿಗೂ ಬಂಗುಡೆಯ ವಾಸನೆ.

ಕಥೆ ಹೇಳಿದೆ: ಮತ್ಸ್ಯಗಂಧಿ, ದೋಣಿ, ಋಷಿ, ವರ,
ಆಮೇಲೆ ಯೋಜನದ ದೂರಕ್ಕೆ ಪರಿಮಳ.
"ಪರಿಮಳ ಕೊಟ್ಟು ಎಂತ ತಗೊಂಡ ಅವ?"
ನಾನು ಲೆನ್ಸ್ ಒರೆಸಿದೆ.
"ಗೊತ್ತುಂಟು ಬಿಡು. ಆ ಪರಿಮಳ ಹೊತ್ತು ಹೋದರೆ ಬೂತಾಯಿ ಯಾರು ಕೊಳ್ಳುತ್ತಾರೆ?"
ಹುಟ್ಟು ಹಿಡಿದಳು. ನಕ್ಕಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.
ಗಲ್ಲ ತುಸು ಮೇಲೆ ಅನ್ನುವ ಮೊದಲೇ ಅದು ಮೇಲಿತ್ತು,
ಏಲಂ ಕೂಗುವಲ್ಲಿ ನಿಂತು ಅಭ್ಯಾಸವಾದ ಗಲ್ಲ.

ಪ್ರದರ್ಶನ ಆಯಿತು. ಎರಡು ದಿನ, ಚಹಾ, ಒಂದಿಷ್ಟು ಮಂದಿ.
ನಂತರದ ಮಂಗಳವಾರ, ಬುಟ್ಟಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿ ಬಂದಳು.
ಸೊಸೈಟಿಯ ಕಾರ್ಡಿಗೆ ಪಟ ಬೇಕು, ನಾಲ್ಕು ಪ್ರತಿ.
ಕೂರಿ ಎಂದೆ.
"ತೆಗೆದದ್ದು ಉಂಟಲ್ಲ, ಅದನ್ನೇ ಕತ್ತರಿಸಿ ಕೊಡು.
ಎರಡೆರಡು ಸಲ ಯಾರು ಕೂರುವುದು?"

ಕಿರೀಟ ಕತ್ತರಿಸಿದೆ. ದೋಣಿ ಹೋಯಿತು, ಮಂಜು ಹೋಯಿತು,
ಹುಟ್ಟು ಹಿಡಿದ ಕೈ ಹೋಯಿತು. ಹಿಂದೆ ನೀಲಿ ತುಂಬಿದೆ.
ಎಡಗಿವಿಯ ಕೆಳಗೆ ಒಂದು ಬಿಳಿ ಚುಕ್ಕೆ ಉಳಿಯಿತು.
ಧೂಳಿರಬೇಕು ಅಂತ ಅಳಿಸಲು ದೊಡ್ಡದು ಮಾಡಿದರೆ
ಮೀನಿನ ಹುರುಪೆ,
ಉಗುರಿಗಿಂತ ಸಣ್ಣದು, ಅದರೊಳಗೆ
ಪೆಟ್ಟಿಗೆಯ ಮುಚ್ಚಳದಿಂದ ಬಂದ ಬೆಳಕು ಪೂರ್ತಿ.

ಅಳಿಸಲಿಲ್ಲ.
ನಗುತ್ತಿದ್ದಾಳೆ, ಇರಲಿ. ಕಿವಿ ಕಾಣುತ್ತದೆ.
ಸೊಸೈಟಿಯವರಿಗೆ ಅಷ್ಟು ಸಾಕು.