ಟಾರ್ಚು ಹಿಡಿದವಳಿಗೆ

ಕೀಲಿ ಕೊಡುವ ಮೊದಲು ಸೆವ್ರಿನ್ ಬಾಯಿ
ನನ್ನ ಚಪ್ಪಲಿ ನೋಡಿದರು.
"ಹೀಲ್ಸ್ ಹಾಕಿ ಕ್ಲಚ್ ಮೆಟ್ಟಬೇಡ" ಎಂದರು.
ಅಷ್ಟೇ ಉಯಿಲು.

ಜೆಪ್ಪಿನ ಶೆಡ್ಡಿನೊಳಗೆ, ಚಿಮಿಣಿ ಎಣ್ಣೆ ವಾಸನೆಯ ಮಬ್ಬಿನಲ್ಲಿ
ಬೂದುಕುಂಬಳದ ಬಣ್ಣದ ಮೋರಿಸ್ ಮೈನರ್,
ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯ.
ಎಂಬತ್ತೇಳು ದಾಟಿದ ಸೂಲಗಿತ್ತಿ, ಅಲ್ಲ, ಮಿಡ್‌ವೈಫ್
(ಸೂಲಗಿತ್ತಿ ಎಂದರೆ ಸಿಟ್ಟು, ಗೋಡೆಯಲ್ಲಿ ಸರ್ಟಿಫಿಕೇಟು ಉಂಟು)
ಬಾನೆಟ್ಟಿಗೆ ಅಂಗೈ ಒತ್ತಿ ನಿಂತರು,
ಎಷ್ಟು ತಿಂಗಳು ಎಂದು ನೋಡುವ ಹಾಗೆ.

ಮನೆ ತುಂಬ ಜನ. ತಂಗಿ, ತಂಗಿಯ ಮಕ್ಕಳು, ಅವರ ಬೈಕುಗಳು.
ಯಾರೂ ಬೇಡ ಎನ್ನಲಿಲ್ಲ, ಬೇಕು ಎನ್ನಲೂ ಇಲ್ಲ.
ಹೂ ಕಟ್ಟಿ ಮದುವೆಗೆ ಬಾಡಿಗೆ ಬಿಡುವ ಎಂದ ಒಬ್ಬ.
ಬಾಯಿ ಅವನಿಗೆ ಉತ್ತರ ಕೊಡಲಿಲ್ಲ,
ನನಗೆ ಹೇಳಿ ಕಳಿಸಿದರು.

ನನಗೆ ಯಾಕೆ?
ನಾನು ಮೆಕ್ಯಾನಿಕ್ ಇದಿನಬ್ಬರ ಮಗಳು,
ಗ್ಯಾರೇಜಿನ ಲೆಕ್ಕ ಬರೆಯುವವಳು,
ಕಾರ್ಬ್ಯುರೇಟರ್ ಬಿಚ್ಚಿದವಳಲ್ಲ.
"ನಿನಗಾಗ ಒಂಬತ್ತು ವರ್ಷ. ಮಾರ್ನಮಿಕಟ್ಟೆಯಲ್ಲಿ ಗಾಡಿ ನಿಂತ ರಾತ್ರಿ
ಅಪ್ಪ ಅಡಿಯಲ್ಲಿ ಮಲಗಿದ್ದ, ನೀನು ಟಾರ್ಚು ಹಿಡಿದಿದ್ದೆ.
ಮುಕ್ಕಾಲು ಗಂಟೆ. ಬೆಳಕು ಅಲ್ಲಾಡಲಿಲ್ಲ.
ನನ್ನ ನರ್ಸುಗಳಿಗೂ ಅದು ಬರುತ್ತಿರಲಿಲ್ಲ ಮಾರಾಯ್ತಿ."

ನನಗೆ ನೆನಪಿಲ್ಲ.
ನೆನಪಿಗೆ ಬಂದದ್ದು ಸೊಳ್ಳೆ ಮಾತ್ರ,
ಮೊಣಕೈಯ ಮೇಲೆ, ಓಡಿಸಲಾಗದೆ.

ಆಮೇಲೆ ಪಾಠ. ಬರೆದುಕೋ ಎಂದರು.
ರೇಡಿಯೇಟರ್ ಸೋರಿದರೆ ಒಂದು ಚಮಚ ಅರಸಿನ ಪುಡಿ, ಎರಡಲ್ಲ.
ಎಡ ಬಾಗಿಲನ್ನು ಸೊಂಟದಿಂದ ಗುದ್ದು, ಕೈಯಿಂದ ಅಲ್ಲ.
ತಿರುಗುವಾಗ ಬಾಗಿಲ ಪಕ್ಕದಿಂದ ಏಳುವ ಕಿತ್ತಳೆ ಬಣ್ಣದ ಪುಟ್ಟ ಕೈ
ಕೆಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ,
ಉತ್ತರ ಸರಿಯಾಗಿ ಗೊತ್ತಿಲ್ಲದ ಹುಡುಗನ ಹಾಗೆ;
ಆಗ ನಿನ್ನ ಕೈ ಹೊರಗೆ ಹಾಕು.
ಈಗಿನ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸುತ್ತಾರಂತೆ,
ರಬ್ಬರ್ ತಿನ್ನುತ್ತದೆ, ವಾರಕ್ಕೊಮ್ಮೆ ಪೈಪು ಮೂಸಿ ನೋಡು.
"ನನ್ನ ಅಪ್ಪ ಕುಡಿದೇ ಸತ್ತ. ಇವಳು ನೋಡು,
ಈ ಪ್ರಾಯದಲ್ಲಿ ಶುರು ಮಾಡಿದ್ದಾಳೆ."
ನಕ್ಕರು. ಹಲ್ಲುಸೆಟ್ಟು ಜಾರಿತು, ಸರಿಮಾಡಿಕೊಂಡರು.

ಹಿಂದಿನ ಸೀಟಿನಲ್ಲಿ ಮೂವರು ಹುಟ್ಟಿದ್ದಾರೆ.
ನಾನು ಅವರಲ್ಲಿ ಒಬ್ಬಳಲ್ಲ; ಆಗಿದ್ದರೆ ಕಥೆ ಚಂದ ಇರುತ್ತಿತ್ತು.
ಕಳೆದ ವರ್ಷ ಬಂದಿದ್ದ ಒಬ್ಬ, ಸೊಸೈಟಿ ಬ್ಯಾಂಕಿನ ಮ್ಯಾನೇಜರು.
ತಾನು ಹುಟ್ಟಿದ ಜಾಗದಲ್ಲಿ ಹೊಟ್ಟೆ ಹಿಡಿಸದೆ ಓರೆಯಾಗಿ ಕೂತು
ಫೋಟೋ ತೆಗೆಸಿಕೊಂಡ,
ಮೈಲೇಜು ಎಷ್ಟು ಎಂದು ಕೇಳಿದ.

ತಿಂಗಳಿಗೆ ಎರಡು ಆದಿತ್ಯವಾರ ಇವಳನ್ನು ಹೊರಡಿಸುತ್ತೇನೆ.
ಹಂಪನಕಟ್ಟೆಯ ಸಿಗ್ನಲಿನಲ್ಲಿ ಸಿಟಿ ಬಸ್ಸುಗಳ ಹಾರ್ನಿನ ನಡುವೆ
ಮೀನಿನ ಬುಟ್ಟಿ ಇಳಿಸಿ ಗುಲಾಬಿಯಕ್ಕ ಕಿಟಕಿಗೆ ಬಗ್ಗುತ್ತಾಳೆ:
"ಬಾಯಿ ಹೇಗಿದ್ದಾರೆ?"
ನಾನು ಯಾರೆಂದು ಯಾರೂ ಕೇಳುವುದಿಲ್ಲ.
ಸ್ವಲ್ಪ ಉರಿಯುತ್ತದೆ, ಸುಳ್ಳು ಯಾಕೆ.
ಇನ್ಶೂರೆನ್ಸ್ ನನ್ನ ಹೆಸರಿನಲ್ಲಿ ಉಂಟು.

ಬಾಯಿ ತೀರಿಕೊಂಡದ್ದು ನವೆಂಬರಿನಲ್ಲಿ, ನಿದ್ದೆಯಲ್ಲಿ.
ಇಗರ್ಜಿಗೆ ಹೊರಡುವ ಹೊತ್ತಿಗೆ ಕಾರು ಸ್ಟಾರ್ಟ್ ಆಗಲಿಲ್ಲ,
ರಿಕ್ಷಾದಲ್ಲಿ ಹೋದೆ.
ಮರುದಿನ ಒಂದೇ ಸಲಕ್ಕೆ ಆಯಿತು.
ಅರ್ಥ ಏನಿಲ್ಲ, ಪ್ಲಗ್ಗಿಗೆ ತೇವ.

ನಿನ್ನೆ ಮೋರ್ಗನ್ಸ್ ಗೇಟಿನ ಹತ್ತಿರ
ಬಗಲಲ್ಲಿ ಕೊಡೆ ಇಟ್ಟ ಮುದುಕ ಅಡ್ಡ ನಿಂತ.
ಬಾನೆಟ್ಟು ಮುಟ್ಟಿದ. ಬಿಸಿ ಇತ್ತು, ಕೈ ತೆಗೆಯಲಿಲ್ಲ.
"ಬಾಯಿ ಹೇಗಿದ್ದಾರೆ?"
ಹಿಂದೆ ಮೂರು ಬಸ್ಸು, ಒಂದು ಟ್ಯಾಂಕರು.

"ಇದ್ದಾರೆ" ಎಂದೆ.

ಬಲಕ್ಕೆ ತಿರುಗಬೇಕಿತ್ತು.
ಕಿತ್ತಳೆ ಕೈ ಅರ್ಧಕ್ಕೇ ನಿಂತಿತು,
ನನ್ನದನ್ನು ಹೊರಗೆ ಹಾಕಿದೆ.