ತೂಕದ ಮನೆ

ಹಡ್ಸನ್ ಕೊಲ್ಲಿಗೆ ನದಿ ಬಾಯ್ದೆರೆಯುವ ಕಡೆ
ಬಂದರಿನ ತೂಕದ ಮನೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಕೂತಿದ್ದಾಳೆ ಹೆಸ್ಟರ್ ಸ್ಪೆನ್ಸ್.
ಗೋಧಿ ತುಂಬಿದ ವ್ಯಾಗನ್ನು ಹಲಗೆಯ ಮೇಲೆ ಬಂದು ನಿಂತರೆ
ಕಿಟಕಿಯ ಗಾಜು ಒಮ್ಮೆ ನಡುಗುತ್ತದೆ.
ಅಷ್ಟೇ ಸದ್ದು. ಬರೆದುಕೊಳ್ಳುತ್ತಾಳೆ.

ಈ ಊರು ಹುಟ್ಟಿದ್ದೇ ತಕ್ಕಡಿಯಿಂದ.
ಮೊದಲಿಗೊಂದು ಮರದ ಕೋಟೆ, ಒಳಗೊಂದು ಕಟಕಟೆ,
ಆಚೆ ಓರ್ಕ್ನಿ ದ್ವೀಪದ ಗುಮಾಸ್ತ,
ಈಚೆ ಹನ್ನೊಂದು ದಿನ ಹಿಮದಲ್ಲಿ ನಡೆದು ಬಂದ ಕ್ರೀ ಜನ.
ಬೀವರಿನ ತೊಗಲೇ ನಾಣ್ಯ.
ಕೆಟಲಿಗೆ ಇಷ್ಟು, ಕಂಬಳಿಗೆ ಇಷ್ಟು,
ಪೊಟ್ಟಣ ಸೂಜಿಗೆ ಒಂದು.
ಟೋಪಿ ಹೋದದ್ದು ಲಂಡನ್ನಿನ ತಲೆಗಳಿಗೆ,
ಹಾಕಿಸಿಕೊಂಡವರು ಇಲ್ಲಿಯವರು.

ಅಜ್ಜಿ ಅಗಾಥಾ ಹೇಳುತ್ತಿದ್ದಳು:
ಕೋವಿ ಬೇಕೆಂದರೆ ಅದನ್ನು ನೆಟ್ಟಗೆ ನಿಲ್ಲಿಸಿ
ಮೂತಿ ಮುಚ್ಚುವ ತನಕ ತೊಗಲು ಪೇರಿಸಬೇಕಿತ್ತಂತೆ.
ವರ್ಷ ವರ್ಷವೂ ಕೋವಿ ಉದ್ದವಾಗುತ್ತಿತ್ತಂತೆ.

ಕಟ್ಟುಕತೆ, ಅಂದರು ಮ್ಯೂಸಿಯಮ್ಮಿನವರು.
ಲೆಕ್ಕದ ಪುಸ್ತಕ ಬಿಡಿಸಿ ತೋರಿಸಿದರು:
ಕೋವಿಗೆ ಹನ್ನೆರಡು ತೊಗಲು, ದುಂಡನೆಯ ಅಕ್ಷರ.
ಅಜ್ಜಿ ಕನ್ನಡಕ ಏರಿಸಿ ನೋಡಿದಳು.
"ಬರೆದವ ಕಟಕಟೆಯ ಯಾವ ಕಡೆ ನಿಂತಿದ್ದ?"

ಒಂದು ವರ್ಷ ನೆರೆಗೆ ರೈಲು ಹಳಿ ಕೊಚ್ಚಿಹೋಗಿ
ಬಂದರು ಬಾಗಿಲು ಹಾಕಿತು.
ಹಾಲು ವಿಮಾನದಲ್ಲಿ ಬರುತ್ತಿತ್ತು.
ಹೆಸ್ಟರ್ ಆಗಲೂ ಬಂದು, ಬೀಗ ತೆಗೆದು,
ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ ಹೋಗುತ್ತಿದ್ದಳು.
ಸಂಬಳದ ಮಾತು ಕೇಳಬೇಡಿ.

ಇವತ್ತು ಈ ಸಲದ ಕೊನೆಯ ಹಡಗು.
ನದಿಯಂಚು ಆಗಲೇ ಬೆಳ್ಳಗೆ ಬಿಗಿದಿದೆ.
ಹಳಿಯ ಮೇಲೆ ಚೆಲ್ಲಿದ ಗೋಧಿ ಹೆಕ್ಕುತ್ತಿವೆ
ದಕ್ಷಿಣಕ್ಕೆ ಹೊರಡಲು ಮರೆತ ನಾಲ್ಕು ಹೆಬ್ಬಾತು.
ಕೊನೆಯ ವ್ಯಾಗನ್ನು ಸರಿದ ಮೇಲೆ
ಹೆಸ್ಟರ್ ಹೊರಗೆ ಬಂದಳು, ಅತ್ತಿತ್ತ ನೋಡಿದಳು,
ಅಜ್ಜಿ ಹೊಲಿದ ಬೀವರ್ ತೊಗಲಿನ ಗವಸು
ಎಡಗೈಯದನ್ನು ಬಿಚ್ಚಿ
ನೂರು ಟನ್ನು ತೂಗುವ ಹಲಗೆಯ ನಟ್ಟನಡುವೆ ಇಟ್ಟಳು.

ಒಳಗೆ ಬಂದು ನೋಡಿದರೆ
ಮುಳ್ಳು ಅಲುಗಿಲ್ಲ.

ಕ್ರೀ ಮಾತಿನಲ್ಲಿ ಏನೋ ಅಂದಳು, ಬೈಗುಳವೋ, ನಗುವೋ.
ಅಷ್ಟರಲ್ಲಿ ಬೆರಳು ಮರಗಟ್ಟಿ
ಮತ್ತೆ ಓಡಿ, ಎತ್ತಿ ತೊಟ್ಟುಕೊಂಡು,
ಕಾದು ನಿಂತ ಹಡಗಿನವನ ರಸೀದಿಗೆ ಸಹಿ ಹಾಕಿದಳು.
ಅವಳು ಎಡಚಿ. ಗವಸು ತೊಟ್ಟ ಕೈ.
ಅಕ್ಷರ ಗೆರೆ ದಾಟಿ ಎಲ್ಲಿಗೋ ಹೋಯಿತು.