ಕೊಲ್ಲಿ

ನಮ್ಮ ಕಡೆ ಕೊಲ್ಲಿ ಅಂದರೆ
ಎರಡು ಗುಡ್ಡದ ನಡುವೆ ಇಳಿದು ಹೋಗುವ ನೀರಿನ ದಾರಿ.
ಬೇಸಿಗೆಯಲ್ಲಿ ಬರೀ ಕಲ್ಲು, ಕಕ್ಕಡದಲ್ಲಿ ಬರೀ ಬಾಯಿ.
ಪೇಪರಿನವರ ಕೊಲ್ಲಿ ಬೇರೆ.
ಅಲ್ಲಿ ನನ್ನ ತಂಗಿ ಸೆರಾಫಿನ
ಆರು ವರ್ಷದಿಂದ ಯಾರದೋ ಮಗುವಿಗೆ ತಲೆ ಬಾಚುತ್ತಾಳೆ.

ಶುಕ್ರವಾರ ಅವಳ ಫೋನು,
ಮೇಡಂ ತವರಿಗೆ ಹೋದ ಮೇಲೆ.
ಮೊನ್ನೆ ನಾನೇ ಮಾತು ತೆಗೆದೆ:
'ಎರಡು ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿವೆಯಂತೆ.
ಕೈಕುಲುಕುವ ಫೋಟೊ ಬಂದಿದೆ, ಹಿಂದೆ ಹೂವಿನ ಕುಂಡ.
ಕನ್ನಡದಲ್ಲೇ ಇದೆ, ಓದಲಾ?'
ಓದಿದೆ. ಕಲಂ ಏಳು:
ಕೆಲಸಕ್ಕಿಟ್ಟುಕೊಂಡವರು ಕೆಲಸದವರ ಪಾಸ್‌ಪೋರ್ಟನ್ನು
ತಮ್ಮ ವಶದಲ್ಲಿ ಇಟ್ಟುಕೊಳ್ಳತಕ್ಕದ್ದಲ್ಲ.

ಅವಳು ನಕ್ಕಳು.
'ತಕ್ಕದ್ದಲ್ಲ ಅಂದರೆ ಏನಣ್ಣ, ಇಲ್ಲ ಅಂತಲೋ, ಬೇಡ ಅಂತಲೋ?
ನನ್ನದು ಮೇಡಂ ಬೀರುವಿನಲ್ಲಿದೆ, ಬಳೆಗಳ ಪಕ್ಕ.
ಧೂಳು ಹೊಡೆಯುವಾಗ ನೋಡಿದ್ದೇನೆ.
ಫೋಟೊದಲ್ಲಿ ಜಡೆ ಇನ್ನೂ ದಪ್ಪಗಿದೆ.'
'ಕೇಳು' ಅಂದೆ, 'ಕಲಂ ಏಳು ಅಂತ ಹೇಳು.'
'ಯಾವ ಭಾಷೆಯಲ್ಲಿ?'

ಫೋನಿಟ್ಟ ಮೇಲೆ ತೂಕದ ಹೊತ್ತು.
ಜನವರಿ, ರೊಬಸ್ಟಾ ಹಣ್ಣಿನ ಭಾರಕ್ಕೆ ಗಿಡ ಬಗ್ಗುವ ತಿಂಗಳು.
ಲೈನ್‌ಮನೆಯ ಅಸ್ಸಾಮಿನವರು ಚೀಲ ಹೊತ್ತು ಸಾಲಾದರು.
ನಾನು ಎಸ್ಟೇಟಿನ ರೈಟರು, ಕಿಲೋ ಬರೆಯುವವನು.
ಫುಲ್ಮತಿ ತಾಂತಿ, ಎಂಬತ್ತೆರಡು.
ಮಫಿಜುಲ್, ನೂರ ನಾಲ್ಕು.
ಅವನ ತಮ್ಮ (ಹೆಸರು ಪ್ರತಿ ಸಲ ಕೇಳುತ್ತೇನೆ) ಅರವತ್ತು ಚಿಲ್ಲರೆ.
ಮಫಿಜುಲ್ ಚೀಲ ಸುರಿದವನು ಹೋಗಲಿಲ್ಲ.
'ರೈಟರ್ ಸಾಬ್, ಕಾರ್ಡು.
ಸಿದ್ದಾಪುರದ ಆಸ್ಪತ್ರೆಯಲ್ಲಿ ಕೇಳುತ್ತಾರೆ, ಹೆಂಡತಿಗೆ...'
ಪದ ಸಿಗದೆ ಗಾಳಿಯಲ್ಲಿ ಹೊಟ್ಟೆ ಬರೆದ.

ಹನ್ನೊಂದು ಜನರ ಆಧಾರ್ ನನ್ನ ಮೇಜಿನ ಖಾನೆಯಲ್ಲಿ,
ರಬ್ಬರ್ ಬ್ಯಾಂಡ್ ಹಾಕಿ.
ಠಾಣೆಗೆ ಪಟ್ಟಿ ಕೊಡಲು ತೆಗೆದುಕೊಂಡದ್ದು,
ಕೊಟ್ಟಾಯಿತು ನವೆಂಬರಿನಲ್ಲೇ.
ಆಮೇಲೆ ಮಾಲೀಕರು ಅಂದರು: ಇರಲಿ,
ಕೊಯ್ಲಿನ ನಡುವೆ ಓಡಿಹೋದರೆ?
ನಾನೂ ಇರಲಿ ಅಂದೆ.
ಕೀಲಿ ಜಪಸರದ ಜೊತೆ, ಒಂದೇ ಜೇಬಿನಲ್ಲಿ.

ನಮ್ಮ ಅಜ್ಜ ಸಂಪಾಜೆ ಘಾಟಿ ಹತ್ತಿ ಬಂದಾಗ
ಕೈಯಲ್ಲಿದ್ದದ್ದು ಒಂದು ಕತ್ತಿ, ಒಂದು ಕಂಬಳಿ.
ಯಾವ ಊರು ಅಂತ ಕೇಳಿದರೆ
'ಕೆಳಗೆ' ಅಂತ ಬೆರಳು ತೋರಿಸುತ್ತಿದ್ದನಂತೆ.
ಅಷ್ಟು ಸಾಕಾಗಿತ್ತು.
ಸಾಕಾಗಿತ್ತೋ, ಅಜ್ಜ ನಮಗೆ ಅಷ್ಟೇ ಹೇಳಿದನೋ.

ನನ್ನ ಖಾನೆಗೆ ಕಲಂ ಇಲ್ಲ.
ಬರ್ಪೇಟಾದಿಂದ ಸಿದ್ದಾಪುರಕ್ಕೆ ಬರುವವರ ಸಲುವಾಗಿ
ಯಾರೂ ಹೂವಿನ ಕುಂಡ ಇಟ್ಟು ಕೈಕುಲುಕಿಲ್ಲ;
ಒಂದೇ ದೇಶವಲ್ಲವೇ.

ಬೀಗ ತೆಗೆದೆ. ಒಂದನ್ನು ಹುಡುಕಲು ಕಟ್ಟು ಬಿಚ್ಚಬೇಕು,
ಬಿಚ್ಚುವಾಗ ರಬ್ಬರ್ ಬ್ಯಾಂಡ್ ಹರಿಯಿತು.
ಹನ್ನೊಂದು ಮುಖ ಹಾಜರಿ ಪುಸ್ತಕದ ಮೇಲೆ.
ಎಲ್ಲರನ್ನೂ ಕರೆದು ಕೊಟ್ಟೆ.
ಧೈರ್ಯ ಅನ್ನಬೇಡಿ,
ಇನ್ನೊಂದು ರಬ್ಬರ್ ಬ್ಯಾಂಡ್ ಇರಲಿಲ್ಲ.

ಬೆಳಿಗ್ಗೆ ಹಾಜರಿಗೆ ಒಂಬತ್ತು.
ಒಂದು ಲೈನ್‌ಮನೆಯ ಬಾಗಿಲು ತೆರೆದಿತ್ತು,
ಒಲೆಯ ಬೂದಿ ಕೂಡ ತೆಗೆದು ಗುಡಿಸಿ ಹೋಗಿದ್ದರು.
ಮಾಲೀಕರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಶುಕ್ರವಾರ ಸೆರಾಫಿನಳಿಗೆ ಎಲ್ಲ ಹೇಳಿದೆ,
ಮಫಿಜುಲನಿಗೆ ಹೆಣ್ಣಾಯಿತು ಎಂಬುದನ್ನೂ.
ಅವಳು ಕೇಳಿದ್ದು ಒಂದೇ:
'ಆ ಇಬ್ಬರು ಎಲ್ಲಿಗೆ ಹೋದರು?'
'ಗೊತ್ತಿಲ್ಲ.'
ಆ ಕಡೆ ತುಂಬ ಹೊತ್ತು ಏಸಿಯ ಗುಂಯ್ ಮಾತ್ರ.
'ಗೊತ್ತಿಲ್ಲ'
ಅವಳೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು,
ಯಾರೂ ಇಲ್ಲದಾಗ ಬೀರುವಿನ ಬಳೆಯನ್ನು
ಕೈಗೆ ಹಾಕಿ ನೋಡುವ ಹಾಗೆ.